ಬಿಡ್ತು ಅನ್ನದ ಬಳೆಗಾರ

ಶಿಷ್ಯ ಗುರುಶಾಂತ ಕೇಳಿದ: "ಗುರುಗಳೇ, ಮುಂದಿನ ವಾರ ನನ್ನ ಅಕ್ಕನಿಗೆ ಆಪರೇಷನ್. ನಿನ್ನೆ ನೋಡಲು ಹೋಗಿದ್ದೆ. 'ಅಕಸ್ಮಾತ್ ನನಗೇನಾದರೂ ಆದರೆ' ಎಂದು ಶುರು ಮಾಡಿದಳು. 'ಬಿಡ್ತು ಅನ್ನು' ಎಂದು ನಾನು ಬಾಯಿ ಮುಚ್ಚಿಸಿದೆ. ಅವಳೂ 'ಬಿಡ್ತು' ಅಂದು ಸುಮ್ಮನಾದಳು. ಆಗಿನಿಂದ ಮನಸ್ಸಿಗೆ ಸಮಾಧಾನವಿಲ್ಲ. ಕೆಟ್ಟ ಮಾತನ್ನು ತಡೆದದ್ದು ತಪ್ಪೇ?"

ಗುರುಗಳು ಹೌದೆನ್ನಲಿಲ್ಲ, ಇಲ್ಲವೆನ್ನಲಿಲ್ಲ. ಒಂದು ಕತೆ ಹೇಳಿದರು.

ಒಬ್ಬ ಬಳೆಗಾರನಿದ್ದ. ಇಪ್ಪತ್ತು ವರ್ಷ ಹೆಗಲ ಮೇಲೆ ಬಳೆಯ ಮಲಾರ ಹೊತ್ತು ಊರೂರು ಸುತ್ತಿದವನು. ಅವನಿಗೆ ತೆರೆಯದ ಬಾಗಿಲಿರಲಿಲ್ಲ. ಬಳೆಗಾರನ ನಾಲಿಗೆಗೆ ಒಂದು ನೇಮವಿದೆ. ಬಳೆ ಒಡೆಯಿತು ಎನ್ನುವಂತಿಲ್ಲ, ಬಳೆ ಹೆಚ್ಚಿತು ಎನ್ನಬೇಕು. ಮುತ್ತೈದೆಯ ಕೈ ಹಿಡಿದು ಕೂತವನು ಕೆಟ್ಟದ್ದನ್ನು ಬಾಯಲ್ಲಿ ತರಬಾರದು. ಬರಬರುತ್ತ ಹೆಂಗಸರೆಲ್ಲ ಪೇಟೆಯ ಅಂಗಡಿಯಲ್ಲೇ ಬಳೆ ತೊಡತೊಡಗಿದರು. ಹೊಟ್ಟೆ ಕೇಳಬೇಕಲ್ಲ. ನಲವತ್ತೆರಡನೆಯ ವಯಸ್ಸಿನಲ್ಲಿ ಅವನು ಒಬ್ಬ ವಿಮೆ ಏಜೆಂಟರ ಬಳಿ ಕೆಲಸ ಕಲಿಯಲು ಸೇರಿದ.

ಏಜೆಂಟರಿಗೂ ಖುಷಿಯಾಯಿತು. ತಮ್ಮನ್ನು ಕಂಡರೆ ಬಾಗಿಲು ಹಾಕಿಕೊಳ್ಳುವ ಜನ ಇವನಿಗೆ ಮಣೆ ಹಾಕಿ ಕೂರಿಸುತ್ತಿದ್ದರು. ಫಾರಂ ತುಂಬುವುದನ್ನು ಕಲಿಸಿ, ಬಾವಿ ತೋಡುವ ಒಬ್ಬನ ಮನೆಗೆ ಅವನನ್ನು ಒಬ್ಬನೇ ಕಳಿಸಿದರು.

ಹೆಸರು, ವಯಸ್ಸು, ಕಸುಬು ಎಲ್ಲ ಸರಾಗವಾಗಿ ನಡೆಯಿತು. ಕೊನೆಯ ಪ್ರಶ್ನೆ ಉಳಿಯಿತು. ಬಳೆಗಾರ "ನಿಮ್ಮ ನಂತರ" ಎಂದು ಬಾಯಿ ತೆರೆದನೋ ಇಲ್ಲವೋ, ಒಲೆಯ ಮುಂದಿದ್ದ ಹೆಂಡತಿ "ಬಿಡ್ತು ಅನ್ನಣ್ಣ" ಎಂದಳು. "ಬಿಡ್ತು, ಬಿಡ್ತು" ಎಂದು ಅವನು ಕೆನ್ನೆ ಬಡಿದುಕೊಂಡ. ಹಣ ಯಾರಿಗೆ ಸಲ್ಲಬೇಕು ಎಂಬ ಜಾಗದಲ್ಲಿ ಬಾವಿ ತೋಡುವವನ ಹೆಸರನ್ನೇ ಬರೆದುಬಿಟ್ಟ. ನೂರು ವರ್ಷ ಬಾಳಲಿ, ಅವನ ಹಣ ಅವನೇ ಉಣ್ಣಲಿ ಎಂಬುದು ಅವನ ಒಳ್ಳೆಯ ಮನಸ್ಸು.

ಏಜೆಂಟರು ಫಾರಂ ನೋಡಿ ಕನ್ನಡಕ ತೆಗೆದರು. "ಏನಪ್ಪಾ, ಸತ್ತವನೇ ಎದ್ದು ಬಂದು ದುಡ್ಡು ತಗೊಂಡು ಹೋಗ್ಬೇಕಾ?"

"ಸ್ವಾಮಿ, ಮುತ್ತೈದೆ ಎದುರಿಗೆ ಆ ಮಾತು ನನ್ನ ಬಾಯಲ್ಲಿ ಹೊರಡೋದಿಲ್ಲ."

"ಸೋಮವಾರ ಅವನು ಅರವತ್ತು ಅಡಿ ಬಾವಿಗೆ ಇಳೀತಾನೆ. ಏನಾದ್ರೂ ಹೆಚ್ಚುಕಮ್ಮಿ ಆದ್ರೆ ಆ ಹೆಣ್ಣುಮಗಳು ಕಚೇರಿ ಕಚೇರಿ ಅಲೀಬೇಕಾಗುತ್ತೆ. ಅಷ್ಟರೊಳಗೆ ಕೇಳಿ ಬರ್ಕೊಂಡು ಬಾ. ಆಗದಿದ್ರೆ ಈ ಕೆಲಸ ನಿನಗೆ ಬೇಡ, ಮಲಾರಾನೇ ಹೊತ್ಕೋ."

ಬಳೆಗಾರ ದಾರಿಯುದ್ದಕ್ಕೂ ಆ ಪ್ರಶ್ನೆಯನ್ನು ಬಾಯಿಪಾಠ ಮಾಡಿದ. ಕೆಲಸ ಹೋದರೆ ಮನೆಯಲ್ಲಿ ಒಲೆ ಉರಿಯುವುದಿಲ್ಲ. ಆದರೆ ತಾನು ಆಡುವ ಹೊತ್ತಿಗೆ ಸರಿಯಾಗಿ ಅಶ್ವಿನಿದೇವತೆಗಳು ಅಸ್ತು ಎಂದುಬಿಟ್ಟರೆ? ಒಂದು ಮನೆಯ ಕುಂಕುಮ ಅಳಿಸಿದ ಪಾಪ ಯಾರಿಗೆ? ಅರ್ಧ ದಾರಿಯಿಂದ ಒಮ್ಮೆ ಹಿಂದಿರುಗಿದ. ಆ ಹೆಣ್ಣುಮಗಳು ಕಚೇರಿಯ ಮೆಟ್ಟಿಲ ಮೇಲೆ ಕೂತದ್ದು ಕಣ್ಣಿಗೆ ಕಟ್ಟಿತು. ಮತ್ತೆ ಮುಂದಕ್ಕೆ ನಡೆದ.

ಬಾವಿ ತೋಡುವವನು ಜಗಲಿಯಲ್ಲಿ ಕೂತು ಸವೆದ ಹಗ್ಗಕ್ಕೆ ಗಂಟು ಹಾಕುತ್ತಿದ್ದ. ಹೆಂಡತಿ ನೀರು ತಂದುಕೊಟ್ಟಳು. ಬಳೆಗಾರ ನೀರು ಕುಡಿದು, ತಲೆ ಎತ್ತದೆ ಕೇಳಿದ: "ನಿಮ್ಮ ನಂತರ ಈ ದುಡ್ಡು ಯಾರಿಗೆ ಸೇರಬೇಕು?"

"ಬಿಡ್ತು ಅನ್ನಣ್ಣ," ಎಂದಳು ಹೆಂಡತಿ. ಈ ಸಲ ದನಿ ಗಡುಸಾಗಿತ್ತು.

"ಇವತ್ತು ಅನ್ನೋದಿಲ್ಲ ತಾಯಿ. ಕ್ಷಮಿಸಬೇಕು. ಅವರು ಹೇಳಲಿ."

ಬಾವಿ ತೋಡುವವನ ಕೈ ನಿಂತಿತು. "ಇನ್ಯಾರಿಗೆ, ಇವಳಿಗೇ."

"ಇವಳು ಅಂತ ಬರೆಯೋಕಾಗಲ್ಲ. ಹೆಸರು ಹೇಳಿ."

ಹದಿನಾಲ್ಕು ವರ್ಷದ ಸಂಸಾರದಲ್ಲಿ ಅವನು ಹೆಂಡತಿಯನ್ನು 'ಇವಳೇ' ಎಂದು ಕೂಗಿದ್ದನೇ ಹೊರತು ಹೆಸರು ಹಿಡಿದು ಕರೆದವನಲ್ಲ. ಗಂಟಲು ಸರಿಮಾಡಿಕೊಂಡು, "ಪುಟ್ಟನರಸಮ್ಮ," ಎಂದ. ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡು ನಕ್ಕಳು. ಆಮೇಲೆ ಅದೇ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಹೊರಟ ಮಾತು ಅಲ್ಲಿಗೇ ನಿಲ್ಲಲಿಲ್ಲ. "ಮಗಳ ಓದು ಮಾತ್ರ ಬಿಡಿಸಬೇಡ," ಎಂದ ಅವನು.

"ನಾನ್ಯಾಕೆ ಬಿಡಿಸ್ಲಿ?" ಎಂದಳು ಅವಳು. ಗಂಡನ ಕೈಲಿದ್ದ ಹಗ್ಗದತ್ತ ಬೆರಳು ತೋರಿಸಿ, "ಆ ಹಗ್ಗ ನೋಡಿದಾಗೆಲ್ಲ ನನಗೆ ಎದೆ ಹೊಡ್ಕೊಳ್ಳುತ್ತೆ. ಗಂಟು ಹಾಕಿ ಹಾಕಿ ಇನ್ನೆಷ್ಟು ದಿನ ಇಳೀತೀರಿ? ಹೊಸದು ತರೋವರೆಗೂ ಬಾವಿ ಕಡೆ ಹೋಗ್ಬೇಡಿ," ಎಂದಳು. ಅಷ್ಟು ವರ್ಷ ಅವಳು ಆ ಮಾತನ್ನೂ ಅಪಶಕುನವೆಂದೇ ನುಂಗಿಕೊಂಡಿದ್ದಳು.

ಬಳೆಗಾರ ಹೆಸರು ಬರೆದುಕೊಂಡ. ಅಕ್ಷರ ತಪ್ಪಬಾರದೆಂದು ಇನ್ನೊಮ್ಮೆ ಕೇಳಿದ. ಆಗಲೂ ಗಂಡನೇ ಹೇಳಿದ, ಈ ಸಲ ತಡವರಿಸಲಿಲ್ಲ. ಸೋಮವಾರ ಅವನು ಹೊಸ ಹಗ್ಗ ಕಟ್ಟಿಕೊಂಡು ಬಾವಿಗೆ ಇಳಿದ. ಸಂಜೆ ಮೇಲೆ ಬಂದು, ಮನೆಗೆ ಹೋಗಿ ಉಂಡ. ಬಳೆಗಾರ ಕೆಲಸದಲ್ಲಿ ಉಳಿದ.

ಗುರುಗಳು ಕತೆ ನಿಲ್ಲಿಸಿದರು.

ಗುರುಶಾಂತ ತಲೆದೂಗಿದ. ಆದರೂ ಅವನಿಗೆ ಪೂರ್ತಿ ಒಪ್ಪಿಗೆಯಾಗಲಿಲ್ಲ. "ಅಲ್ಲಿ ಹೊರಬಂದದ್ದು ಹೆಂಡತಿಯ ಹೆಸರು ಗುರುಗಳೇ. ನನ್ನ ಅಕ್ಕ ಆಡಲು ಹೊರಟದ್ದು ಸಾವಿನ ಮಾತು."

ಗುರುಗಳು ಎಂದರು: "ಅರ್ಧಕ್ಕೇ ತಡೆದ ನಿನಗೆ, ಅದು ಸಾವಿನ ಮಾತೆಂದು ಹೇಳಿದವರು ಯಾರು?"