ಎರಡಂತಸ್ತಿನ ರೈಲಿಗೆ ರಾಯರ ಆಜ್ಞೆ

ಹಂಸಗಿರಿಯ ವೀರಭುಜರಾಯರಿಗೆ ಕುದುರೆ ಬೇಜಾರಾಗಿ, ಆನೆಯೂ ಬೇಜಾರಾಗಿ, ಕೊನೆಗೆ ಕರೆಂಟಿನ ರೈಲಿನ ಹುಚ್ಚು ಹಿಡಿಯಿತು. ಅದೂ ಎಂಥದ್ದು? ಎರಡಂತಸ್ತಿನದು! ದಿನಾ ಬೆಳಿಗ್ಗೆ ಪೇಟೆಗೆ ಬರುವ ನೇಕಾರರು, ಹೂವಿನವರು, ಗುಮಾಸ್ತರು ಬಾಗಿಲಿಗೆ ಜೋತುಬೀಳದೆ ಕೂತು ಬರಲಿ ಎಂದು ಇಂಜಿನಿಯರ್ ಶಿವಲೀಲಾ ಮೂರು ವರ್ಷ ಒದ್ದಾಡಿ ಕಟ್ಟಿದ್ದಳು.

ರೈಲು ಹೊರಡಲು ಎರಡು ದಿನವಿತ್ತು. ರಾಯರು ನೋಡಲು ಬಂದು ಮೇಲಿನ ಅಂತಸ್ತು ಹತ್ತಿದರು. ಕಿರೀಟ ಚಾವಣಿಗೆ ಠಣ್ಣೆಂದು ಬಡಿಯಿತು.

"ಚಾವಣಿ ಎತ್ತರಿಸು!"

"ಆಗಲ್ಲ ಮಹಾಸ್ವಾಮಿ. ಮೇಲೆ ಕರೆಂಟಿನ ತಂತಿ ಇದೆ."

ಕೆಳಗಿನ ಅಂತಸ್ತಿಗೆ ಇಳಿದು ಕೂತರು. ಮೇಲೆ ಯಾರೋ ಕೆಲಸಗಾರ ಧಡಧಡ ನಡೆದ.

"ಯಾವನೋ ಅವನು ನನ್ನ ತಲೆಯ ಮೇಲೆ? ನಾನು ತಲೆ ಬಗ್ಗಿಸಲ್ಲ. ನನ್ನ ಮೇಲೆ ಯಾರೂ ಇರಲೂಬಾರದು. ಇಡೀ ರಾಜ್ಯಕ್ಕೆ ಇದೇ ಆಜ್ಞೆ! ಆ ಮೇಲಿನ ಅಂತಸ್ತು ನಾಳೆಯೊಳಗೆ ಕತ್ತರಿಸಿ ಹಾಕಿ!"

ಶಿವಲೀಲಾಳ ಕಣ್ಣು ತುಂಬಿತು. "ಅರ್ಧ ಜನ ಪ್ಲಾಟ್‌ಫಾರಂನಲ್ಲೇ ಉಳೀತಾರೆ, ತಿಪ್ಪರಸಣ್ಣ" ಎಂದಳು ಆಸ್ಥಾನದ ವಿದೂಷಕನಿಗೆ.

ತಿಪ್ಪರಸನಿಗೆ ಮೈಯೆಲ್ಲಾ ಉರಿಯಿತು. ಅವನ ಹೆಂಡತಿಯೂ ಹೂವಿನ ಬುಟ್ಟಿ ಹೊತ್ತು ಅದೇ ದಾರಿಯಲ್ಲಿ ಬರುವವಳು. ಆದರೂ ಹಲ್ಲುಕಿರಿದು ಕೈಮುಗಿದ.

"ಭಲೇ ಪ್ರಭು! ಆಜ್ಞೆಗೆ ಮುದ್ರೆ ಒತ್ತಿಕೊಡಿ. ಜಾರಿ ಮಾಡೋದು ನನಗೆ ಬಿಡಿ."

ಮರುದಿನ ರಾಯರು ಸಭೆಗೆ ಬಂದರೆ ಸಿಂಹಾಸನದ ಮುಂದೆ ಮಂಚ, ಕನ್ನಡಿ, ವೀಣೆ, ಉಪ್ಪಿನಕಾಯಿ ಜಾಡಿಗಳ ರಾಶಿ! ಪಕ್ಕದಲ್ಲಿ ಸೊಂಟಕ್ಕೆ ಕೈಯಿಟ್ಟು ನಿಂತ ರಾಣಿ ಮಲ್ಲಾಜಮ್ಮ.

"ನನ್ನ ಉಪ್ಪರಿಗೆ ಖಾಲಿ ಮಾಡಿಸಿದ್ದು ಯಾರು?"

ತಿಪ್ಪರಸ ಆಜ್ಞಾಪತ್ರ ಚಾಚಿದ. "ಪ್ರಭುಗಳು, ಅಮ್ಮಾವ್ರೇ. ನಿಮ್ಮ ಕೋಣೆ ಸಿಂಹಾಸನದ ನೇರ ಮೇಲಿದೆ ನೋಡಿ. ಇನ್ನು ನಿಮ್ಮ ಬಿಡಾರ ಕುದುರೆ ಲಾಯದ ಪಕ್ಕ."

"ಹೌದೇನ್ರೀ?" ಎಂದರು ರಾಣಿ. ಅಷ್ಟೇ.

ರಾಯರು ಬೆವೆತುಹೋದರು. ಪತ್ರ ಕಿತ್ತುಕೊಂಡು ಚೂರುಚೂರು ಮಾಡಿದರು. "ಇಲ್ಲ ಕಣೇ! ರದ್ದು! ಆಗಲೇ ರದ್ದು!"

ರೈಲಿನ ಮೇಲಂತಸ್ತು ಉಳಿಯಿತು. ತಿಪ್ಪರಸನ ಮೇಲೆ ರಾಯರ ಸಿಟ್ಟೂ ಉಳಿಯಿತು. "ಮಾನ ತೆಗೆದೆಯಲ್ಲೋ! ತಲೆ ಬಗ್ಗಬಾರದು, ಮೇಲೆ ಯಾರೂ ಇರಬಾರದು. ಆ ರೈಲಿನಲ್ಲಿ ಅಂಥ ಜಾಗ ತೋರಿಸು. ಇಲ್ಲದಿದ್ದರೆ ನೀನು ಗಡೀಪಾರು."

"ಅದಕ್ಕೇನಂತೆ ಪ್ರಭು, ನಾಳೆ ತೋರಿಸ್ತೀನಿ."

ಮರುದಿನ ಅವನು ರಾಯರನ್ನು ಬೋಗಿಯ ತುದಿಗೆ, ಬಾಗಿಲ ಬಳಿಗೆ ಕರೆದೊಯ್ದ. ಅಲ್ಲಿ ಕೆಳಗೆ ಗಾಲಿಗಳಿರುವುದರಿಂದ ನೆಲ ತಗ್ಗಿಸಿ ಎರಡು ಅಂತಸ್ತು ಮಾಡಲಾಗದೆ ಒಂದೇ ಅಂತಸ್ತು ಇತ್ತು. ಕಿರೀಟ ಎಲ್ಲೂ ತಾಗಲಿಲ್ಲ. ಮೇಲೆ ಯಾರೂ ಇಲ್ಲ. ರಾಯರು ಮೀಸೆ ತಿರುವಿದರು. ಅಷ್ಟರಲ್ಲಿ ರೈಲು ಹೊರಟಿತು, ರಾಯರು ಮುಗ್ಗರಿಸಿದರು.

"ಸೀಟೆಲ್ಲೋ?"

ತಿಪ್ಪರಸ ತೂಗಾಡುವ ಹಿಡಿಕೆಯೊಂದನ್ನು ಅವರ ಕೈಗಿತ್ತ. "ಇದು ಜನ ಹತ್ತಿ ಇಳಿಯೋ ಜಾಗ ಪ್ರಭು, ಇಲ್ಲಿ ಸೀಟು ಇಡಲ್ಲ. ಮೇಲಿನ ಅಂತಸ್ತಿನಲ್ಲಿ ರಾಣಿಯವರು ಆಗಲೇ ಬಂದು ಕೂತಿದ್ದಾರೆ, ಅವರ ಪಕ್ಕ ಒಂದು ಸೀಟು ಖಾಲಿ ಇದೆ. ಕಿರೀಟ ತೆಗೆದು ಹೋಗಬೇಕು, ಅಷ್ಟೇ."

"ಸ್ವಲ್ಪ ಒಳಗೆ ಸರಿಯಣ್ಣ!" ಎಂದು ಮುಂದಿನ ಸ್ಟೇಷನ್‌ನಲ್ಲಿ ಹೂವಿನವಳೊಬ್ಬಳು ಬುಟ್ಟಿಯಿಂದ ರಾಯರನ್ನು ತಿವಿದು ಮೇಲಂತಸ್ತಿಗೆ ಹತ್ತಿದಳು.

ಎರಡು ಸ್ಟೇಷನ್ ದಾಟುವಷ್ಟರಲ್ಲಿ ರಾಯರಿಗೆ ನಿಂತು ನಿಂತು ಸಾಕಾಗಿಹೋಯಿತು. ಗಹಗಹಿಸಿ ನಕ್ಕು, ಕಿರೀಟ ತೆಗೆದು ತಿಪ್ಪರಸನ ತಲೆಗಿಟ್ಟರು. "ತಗೋ ಬಹುಮಾನ! ಇವತ್ತೊಂದು ದಿನ ನೀನೇ ರಾಜ."

"ಅಯ್ಯೋ, ಬೇಡ ಪ್ರಭು!" ತಿಪ್ಪರಸ ಹಿಡಿಕೆಗೆ ಜೋತುಬಿದ್ದು ಕೂಗಿದ. "ಇದನ್ನು ಇಟ್ಕೊಂಡ್ರೆ ಊರು ಮುಟ್ಟೋವರೆಗೂ ನಿಂತೇ ಇರಬೇಕು!"