ಬಾಯಿಲ್ಲದ ದಂಡು

ಬಿಳಿಗಲ್ಲಿನ ದೊರೆ ವೀರಮಲ್ಲನಿಗೆ ಒಂದೇ ಜಂಬ. "ನನ್ನ ದಂಡಿನಲ್ಲಿ ಪ್ರಶ್ನೆ ಅನ್ನೋದೇ ಇಲ್ಲ. ನಾನು ಹೇಳಬೇಕು, ಅವರು ಮಾಡಬೇಕು. ಯಾಕೆ, ಏನು ಅಂತ ಬಾಯಿ ಬಿಟ್ಟವನ ತಲೆ ಕತ್ತಿನ ಮೇಲಿರೋದಿಲ್ಲ!"

ಹೀಗಿರುವಾಗ ಒಂದು ದಿನ ಬೇಟೆಗೆ ಹೋದ ದೊರೆ ಕುಂಬಾರಹಳ್ಳಿಯ ಮಣ್ಣಿನ ಗುಂಡಿಯಲ್ಲಿ ಜಾರಿ ಬಿದ್ದ. ಮೀಸೆ ತುಂಬ ಕೆಸರು. ಮಡಕೆ ಮಾಡುತ್ತಿದ್ದ ಹೆಂಗಸರು ನಗಬಾರದು, ನಗಬಾರದು ಅಂದುಕೊಂಡೇ ಕಿಸಕ್ಕನೆ ನಕ್ಕುಬಿಟ್ಟರು.

ಅರಮನೆಗೆ ಬಂದವನೇ ದಳವಾಯಿ ಕೆಂಚನಾಯಕನನ್ನು ಕರೆದು ಗುಡುಗಿದ. "ಬೆಳಗಾಗುತ್ತಲೇ ದಂಡು ಕಟ್ಟಿಕೊಂಡು ಹೋಗಿ ಆ ಊರಿನವರನ್ನು ಚೆನ್ನಾಗಿ ವಿಚಾರಿಸಿಕೊಂಡು ಬಾ! ಈ ಜನ್ಮದಲ್ಲಿ ಮರೆಯಬಾರದು!"

ಕೆಂಚನಾಯಕ ಇಕ್ಕಟ್ಟಿಗೆ ಸಿಕ್ಕಿಬಿದ್ದ. ತಾಯಿಲ್ಲದ ಕೂಸಾಗಿದ್ದಾಗ ಅದೇ ಊರಿನ ಸಿದ್ದವ್ವನ ಕೈಯ ಅಂಬಲಿ ಕುಡಿದು ಬೆಳೆದವನು ಅವನು. ಹೊಡೆದರೆ ಪಾಪ. ಹೊಡೆಯದಿದ್ದರೆ ತಲೆ ಹೋಗುತ್ತದೆ. ಯಾಕೆ ಅಂತ ಕೇಳಿದರೂ ತಲೆಯೇ ಹೋಗುತ್ತದೆ! ಸೀದಾ ಆಸ್ಥಾನದ ಜಾಣ ಸಂಕಣ್ಣನ ಮನೆಗೆ ಓಡಿದ.

"ಕೆಟ್ಟೆ ಕಣಯ್ಯಾ ಸಂಕಣ್ಣ!"

ಎಲ್ಲ ಕೇಳಿಸಿಕೊಂಡ ಸಂಕಣ್ಣ ಅಡಿಕೆ ಕತ್ತರಿಸುತ್ತಲೇ ಕೇಳಿದ. "ದೊರೆ ಹೊಡಿ ಅಂದರಾ?"

"ಇಲ್ಲ."

"ಸುಡು ಅಂದರಾ?"

"ಇಲ್ಲಪ್ಪ. ಚೆನ್ನಾಗಿ ವಿಚಾರಿಸಿಕೊಂಡು ಬಾ ಅಂದರು."

"ನಿಮ್ಮನೆಗೆ ಬೀಗರು ಬಂದರೆ ಹೇಗೆ ವಿಚಾರಿಸಿಕೊಳ್ತೀಯ?"

"ಕಾಲಿಗೆ ನೀರು ಕೊಟ್ಟು, ಹೋಳಿಗೆ ಬಡಿಸಿ..." ಅಂದವನು ಅಲ್ಲೇ ಬಾಯಿ ಕಳೆದು ನಿಂತ.

"ಮತ್ತೆ ನನ್ನ ಮುಖ ಏನು ನೋಡ್ತೀಯ? ಅಪ್ಪಣೆ ಅಂದರೆ ಅಪ್ಪಣೆ!"

ಬೆಳಗಾಯಿತು. ದಂಡಿನ ಹಿಂದೆ ಅರಮನೆಯ ಉಗ್ರಾಣದ ಬೇಳೆ, ಬೆಲ್ಲ, ತುಪ್ಪ ಎಲ್ಲ ಗಾಡಿ ಏರಿತು. ಅಡುಗೆಯವರೂ ಏರಿದರು. ಯಾಕೆ ಅಂತ ಯಾರೂ ಕೇಳಲಿಲ್ಲ. ಕೇಳೋ ಹಾಗೇ ಇಲ್ಲವಲ್ಲ!

ಸಂಜೆ ದಂಡು ತಿರುಗಿ ಬಂದು ಆಸ್ಥಾನದಲ್ಲಿ ದೊರೆಯ ಮುಂದೆ ನಿಂತಿತು.

"ವಿಚಾರಿಸಿಕೊಂಡೆಯೇನೋ ಕೆಂಚ?"

"ಚೆನ್ನಾಗಿ, ಬುದ್ಧಿ. ಒಬ್ಬರಿಗೂ ಕೂತಲ್ಲಿಂದ ಏಳೋಕಾಗಲಿಲ್ಲ."

"ಭೇಷ್! ಗೋಗರೆದರಾ?"

"ಸಾಕು ಸಾಕು, ಕೈ ಮುಗೀತೀವಿ ಅಂದರು. ನಾವು ಬಿಡಲಿಲ್ಲ."

ದೊರೆ ಮೀಸೆ ತಿರುವಿದ. ಅಷ್ಟರಲ್ಲಿ ಹೊಸ ಮಡಕೆಯೊಂದನ್ನು ಸೊಂಟದ ಮೇಲಿಟ್ಟುಕೊಂಡು ಸಿದ್ದವ್ವ ಬಂದಳು. "ನಿನ್ನ ಹೊಟ್ಟೆ ತಣ್ಣಗಿರಲಿ ಮಗನೇ! ಒಂದು ಸಲ ನಕ್ಕಿದ್ದಕ್ಕೆ ಊರಿಗೂರೇ ಹೋಳಿಗೆ ಊಟ! ಇನ್ನೊಂದು ಸಲ ಯಾವಾಗ ಬೀಳ್ತೀಯಪ್ಪ?"

ದೊರೆಯ ಮುಖ ಕೆಂಡವಾಯಿತು. "ಎಲಾ ಕೆಂಚ! ನಾನು ಹೇಳಿದ್ದು ಆ ವಿಚಾರಿಸೋದಲ್ಲ ಕಣೋ! ಹೊಡೆಯೋದೋ, ಬಡಿಸೋದೋ ಅಂತ ಒಂದು ಮಾತು ನನ್ನನ್ನು ಕೇಳಬಾರದಿತ್ತಾ?"

ಸಂಕಣ್ಣ ಚಂಗನೆ ಎದ್ದ. "ಕೇಳಿಸ್ತಾ ದಂಡಿನವರೇ? ಕೇಳಬೇಕಂತೆ! ದೊರೆಗಳ ಅಪ್ಪಣೆ ಆಯ್ತು!"

ದೊರೆ ಮನಸ್ಸಿನಲ್ಲೇ ಲೆಕ್ಕ ಹಾಕಿದ. ಕೇಳಬಾರದು ಅಂದರೆ ಕೆಂಚನದು ತಪ್ಪೇ ಇಲ್ಲ. ಕೇಳಬೇಕು ಅಂದರೆ ಇಷ್ಟು ದಿನದ ಜಂಬ ಮಣ್ಣುಪಾಲು.

"ಹಾಳಾಗಿ ಹೋಗಲಿ, ಕೇಳಿಕೊಳ್ಳಿ!" ಅಂದ ಕೊನೆಗೆ.

ಕೆಂಚನಾಯಕ ಗಂಟಲು ಸರಿಮಾಡಿಕೊಂಡ. ದೊರೆಯನ್ನು ಅವನು ಕೇಳುವ ಮೊಟ್ಟಮೊದಲ ಪ್ರಶ್ನೆ. ಸಭೆಗೆ ಸಭೆಯೇ ಉಸಿರು ಬಿಗಿಹಿಡಿದು ಕೂತಿತು.

"ಬುದ್ಧೀ... ಊಟ ಆಯ್ತಾ?"

"ಎಲ್ಲಿಂದ ಆಗುತ್ತೋ? ನನ್ನ ಅಡುಗೆಮನೇನೇ ಹೊತ್ತುಕೊಂಡು ಹೋಗಿದ್ದೆಯಲ್ಲೋ!" ಅಂದ ದೊರೆ, ಸಿಂಹಾಸನ ಅಲುಗಾಡುವ ಹಾಗೆ ನಕ್ಕ.