ಹದಿನಾಲ್ಕು ಸಲ ಬಂದ ಮನೆ

ನನ್ನ ತಂಗಿ ಶಾಂತವೀರಮ್ಮನಿಗೆ ಒಬ್ಬ ಮಗ, ಹೆಸರು ಷಡಕ್ಷರಿ. ಇಪ್ಪತ್ತಾರು ವರ್ಷ, ಆರಡಿ ಎತ್ತರ, ಬೆಣ್ಣೆಯಂಥ ಮನಸ್ಸು. ಬುದ್ಧಿಯನ್ನು ಮಾತ್ರ ದೇವರು ಆಮೇಲೆ ಕೊಡೋಣ ಅಂತ ಎತ್ತಿಟ್ಟು ಎಲ್ಲಿಟ್ಟೆ ಅನ್ನೋದನ್ನ ಮರೆತಿರಬೇಕು. ಹೇಳಿದ್ದನ್ನು ಹೇಳಿದ ಹಾಗೇ ಮಾಡುತ್ತಾನೆ. ಒಂದು ಕೂದಲು ಹೆಚ್ಚಿಲ್ಲ, ಒಂದು ಕೂದಲು ಕಮ್ಮಿಯಿಲ್ಲ.

ಅವನಿಗೆ ಕಾರು ಕಲಿಸಿದವನು ನಾನು. ತಿಪಟೂರು ಸೀಮೆಯಲ್ಲಿ ನನ್ನ ಹಾಗೆ ಕಾರು ಕಲಿಸೋರು ಇನ್ನೊಬ್ಬರಿಲ್ಲ. ನನ್ನ ಶಿಷ್ಯರು ಬಂದರೆ ರಸ್ತೆಯಲ್ಲಿ ಮಲಗಿದ ಎಮ್ಮೆ ತಾನಾಗೇ ಎದ್ದು, ತಪ್ಪಾಯ್ತು ಅನ್ನೋ ಮುಖ ಮಾಡಿಕೊಂಡು ಪಕ್ಕಕ್ಕೆ ಹೋಗುತ್ತದೆ. ಮೊದಲ ದಿನ ಷಡಕ್ಷರಿಗೆ "ಸ್ಟೇರಿಂಗ್ ಬಿಡಬೇಡ" ಅಂದಿದ್ದೆ. ಗಾಡಿ ನಿಲ್ಲಿಸಿ, ನಾನು ಇಳಿದು ಕಾಫಿ ಕುಡಿದು, ಮನೆಗೆ ಹೋಗಿ ಊಟ ಮಾಡಿ ಬಂದರೂ ಹಿಡಿದುಕೊಂಡೇ ಕೂತಿದ್ದ. ಆದರೆ ಕೈ ಮಾತ್ರ ಬಲು ಹದ. ಕಾರಿನಲ್ಲಿ ತುಂಬಿದ ಹಾಲಿನ ಲೋಟ ಇಟ್ಟು ಹೊಸದುರ್ಗಕ್ಕೆ ಹೋಗಿ ಬಂದರೂ ಲೋಟ ತುಂಬಿಯೇ ಇರುತ್ತದೆ. ಒಂದೊಂದು ಸಲ ಸ್ವಲ್ಪ ಜಾಸ್ತಿಯೇ ಇರುತ್ತದೆ.

ಹೊಸದುರ್ಗ ಯಾಕೆ ಬಂತು ಅಂದರೆ, ಷಡಕ್ಷರಿಯ ಅಕ್ಕ ವಿಶಾಲಾಕ್ಷಿಯನ್ನು ಕೊಟ್ಟಿರೋದು ಅಲ್ಲಿಗೆ. ಅವಳಿಗೀಗ ಏಳು ತಿಂಗಳು. ಚೊಚ್ಚಲ ಹೆರಿಗೆ, ತವರಿಗೆ ಕರೆತರಬೇಕು. ಶಾಂತವೀರಮ್ಮನಿಗೆ ಅದೊಂದೇ ಜಪ. ಆದರೆ ಅವಳ ಬೀಗಿತ್ತಿ, ಅಂದರೆ ವಿಶಾಲಾಕ್ಷಿಯ ಅತ್ತೆ ರುದ್ರಾಣಮ್ಮ, ಫೋನಿನಲ್ಲಿ ಕಡ್ಡಿ ಮುರಿದ ಹಾಗೆ ಹೇಳಿಬಿಟ್ಟರು.

"ನೋಡಿ ಬೀಗರೇ, ಹುಡುಗಿ ಒಂದು ತಿಂಗಳಿಂದ ಸರಿಯಾಗಿ ಕಣ್ಣು ಮುಚ್ಚಿಲ್ಲ. ಬಸ್ಸಲ್ಲಿ ಕಳಿಸಲ್ಲ, ಕುಲುಕಾಡೋ ಗಾಡಿಲೂ ಕಳಿಸಲ್ಲ. ನಾನೂ ಜೊತೇಲಿ ಬರ್ತೀನಿ. ದಾರಿಲಿ ಅವಳು ಒಂದು ಸಲ ಉಸ್ಸಪ್ಪಾ ಅಂದರೂ ಅಲ್ಲಿಂದಲೇ ತಿರುಗಿಸ್ಕೊಂಡು ಹೋಗಿ ಬಾಣಂತನ ನಾನೇ ಮಾಡ್ತೀನಿ."

ಶಾಂತವೀರಮ್ಮ ಹಳೇ ವ್ಯಾನು ಮಾರಿ ಹೊಸ ಕಾರು ತಂದಳು. ಹೊರಗಿಂದ ನೋಡಿದರೆ ನಮ್ಮ ಬಚ್ಚಲುಮನೆಯಷ್ಟು, ಒಳಗೆ ಕೂತರೆ ಕಲ್ಯಾಣಮಂಟಪ. ಓಡಿಸೋನನ್ನ ಬಿಟ್ಟು ಐದು ಜನ ಮಂಡಿ ತಾಗದ ಹಾಗೆ ಕೂರಬಹುದು. ಹಿಂದೆ ಕೂತವರ ಮುಖಕ್ಕೂ ತಂಪುಗಾಳಿ, ಲೋಟ ಇಡೋಕೆ ಗೂಡು, ತಲೆ ಮೇಲೆ ತೆರೆಯೋ ಗಾಜು, ಬೆನ್ನು ಕೊಟ್ಟರೆ ಒರಗೋ ಸೀಟು. ನಾನೇ ಒಂದು ಸಲ ಹಿಂದಿನ ಸೀಟಿನಿಂದ ಮುಂದಿನ ಸೀಟಿಗೆ ಹೋಗೋವಾಗ ದಾರಿ ಕೇಳಿಕೊಂಡು ಹೋಗಿದ್ದೇನೆ.

"ಅಕ್ಕನ್ನ ಕರ್ಕೊಂಡು ಬರೋಕೆ ಇನ್ನೂ ಹದಿನೈದು ದಿನ ಇದೆ. ಅಷ್ಟರಲ್ಲಿ ಬೀದಿಯವರನ್ನ ಅಲ್ಲಿ ಇಲ್ಲಿ ಬಿಟ್ಟು ಬಂದು ಅಭ್ಯಾಸ ಮಾಡ್ಕೋ," ಅಂದಳು ಶಾಂತವೀರಮ್ಮ. "ಹೊಸ ಕಾರು ಕಣೋ. ಯಾರೇ ಹತ್ತಲಿ, ಚಪ್ಪಲಿ ಹೊರಗೆ ಬಿಟ್ಟು ಹತ್ತಬೇಕು."

"ಆಯ್ತವ್ವ," ಅಂದ ಷಡಕ್ಷರಿ.

ಎದುರುಮನೆ ಮಲ್ಲೇಶಯ್ಯನ ಮನೆಯವರು ಐದು ಜನ ಮದುವೆಗೆ ಹೊರಟರು. ಷಡಕ್ಷರಿ ಐದು ಜೊತೆ ಚಪ್ಪಲಿ ಹೊರಗೆ ಬಿಡಿಸಿದ, ಗೇಟಿನ ಪಕ್ಕ ಸಾಲಾಗಿ ಜೋಡಿಸಿದ, ಹೊರಟ. ಛತ್ರದ ಮುಂದೆ ಇಳಿದರೆ ನಡುಮಧ್ಯಾಹ್ನದ ಡಾಂಬರು, ಐದು ಜನವೂ ಬರಿಗಾಲು. ಎಡಗಾಲು ಎತ್ತಿದರು, ಬಲಗಾಲು ಎತ್ತಿದರು. ಬೀಗರು ಕುಣಿದುಕೊಂಡು ಬರ್ತಿದ್ದಾರೆ ಅಂತ ವಾದ್ಯದವರು ಇನ್ನೂ ಜೋರಾಗಿ ಬಾರಿಸಿದರು.

"ಅವರ ಚಪ್ಪಲಿ ಎಲ್ಲೋ?" ಅಂದಳು ಶಾಂತವೀರಮ್ಮ, ಮಗ ಮನೆಗೆ ಬಂದ ಮೇಲೆ.

"ಹೊರಗೆ ಬಿಡಿಸಿದೆ. ನಾಯಿ ಎಳ್ಕೊಂಡು ಹೋಗದೆ ಇರ್ಲಿ ಅಂತ ಮೇಲೆ ಕಲ್ಲು ಬೇರೆ ಇಟ್ಟಿದ್ದೆ."

"ಅಯ್ಯೋ ನನ್ನ ಕರ್ಮವೇ. ಹತ್ತೋರದ್ದು ಯಾವುದನ್ನೂ ಬಿಟ್ಟು ಹೋಗಬಾರದು ಕಣೋ. ಅಷ್ಟು ದೊಡ್ಡ ಡಿಕ್ಕಿ ಯಾತಕ್ಕಿದೆ? ಅವರ ಹತ್ತಿರ ಏನಿದ್ದರೂ ಇಸ್ಕೊಂಡು ಡಿಕ್ಕಿಗೆ ಹಾಕು."

"ಆಯ್ತವ್ವ," ಅಂದ ಷಡಕ್ಷರಿ.

ಮೂರು ದಿನ ಕಳೆದ ಮೇಲೆ ಚಂದ್ರಪ್ಪ ಮೇಷ್ಟ್ರು ಬಂದರು. ಎಂಬತ್ತೆರಡು ವರ್ಷ. ಅರಸೀಕೆರೆ ಹತ್ತಿರದ ಹಳ್ಳಿಯಲ್ಲಿ ಮರಿಮಗುವಿನ ನಾಮಕರಣ. ದಾರಿ ಗೊತ್ತಿದ್ದವರು ಮೇಷ್ಟ್ರೊಬ್ಬರೇ. ಷಡಕ್ಷರಿ ಅವರನ್ನು ಮೆತ್ತಗೆ ಕೂರಿಸಿದ. ಕೋಲು ಇಸ್ಕೊಂಡ, ಡಿಕ್ಕಿಗೆ ಹಾಕಿದ. ಕನ್ನಡಕ ಇಸ್ಕೊಂಡ, ಡಿಕ್ಕಿಗೆ ಹಾಕಿದ. ಕಿವಿಯ ಮಿಷನ್ನು ಬಿಚ್ಚಿಸಿದ, ಅದನ್ನೂ ಹಾಕಿದ.

"ಎಡಕ್ಕಾ ಬಲಕ್ಕಾ ಮೇಷ್ಟ್ರೇ?"

"ಹ್ಞೂಂ ಕಣಪ್ಪ, ಬೆಳಗ್ಗೆ ಉಪ್ಪಿಟ್ಟು ತಿಂದೆ."

ಹೀಗೇ ಹೋಗಿ ಹೋಗಿ ಯಾವುದೋ ಊರಿನಲ್ಲಿ ಶಾಮಿಯಾನ ಕಂಡಿತು. ಷಡಕ್ಷರಿ ಕೈ ಹಿಡಿದು ಇಳಿಸಿದ. ಅದು ತಿಥಿ ಮನೆ. ಮೇಷ್ಟ್ರು ಹಾರ ಹಾಕಿದ ಫೋಟೋದ ಹತ್ತಿರ ಹೋಗಿ, ಗಲ್ಲ ಸವರಿ, "ಥೇಟ್ ತಾತನ ಹೋಲಿಕೆ. ನೂರು ವರ್ಷ ಬಾಳಪ್ಪ" ಅಂತ ಹರಸಿದರು. ಮಗುವಿಗೆ ಅಂತ ಜೇಬಿನಲ್ಲಿಟ್ಟುಕೊಂಡಿದ್ದ ಬೆಳ್ಳಿ ಬಟ್ಟಲನ್ನೂ ಅಲ್ಲೇ ಇಟ್ಟರು.

ಮೇಷ್ಟ್ರು ವಾಪಸ್ಸು ಮನೆ ಸೇರೋಕೆ ಮುಂಚೆಯೇ ಸುದ್ದಿ ಹೊಸದುರ್ಗ ತಲುಪಿತು. "ನಿಮ್ಮ ಮಗನ ಕೈಗೆ ನನ್ನ ಸೊಸೇನ ಹೇಗೆ ಕೊಡಲಿ?" ಅಂದರು ರುದ್ರಾಣಮ್ಮ. ಶಾಂತವೀರಮ್ಮನಿಗೆ ಆ ದಿನ ಅನ್ನ ಸೇರಲಿಲ್ಲ.

"ಕೂತವರಿಗೆ ಬೇಕಾದ್ದನ್ನ ಕಿತ್ಕೊಳ್ಳೋದಲ್ಲ ಮಗನೇ, ಕೊಡಬೇಕು," ಅಂದಳು. "ಆ ಕಾರಲ್ಲಿ ಏನೇನು ಅನುಕೂಲ ಇದೆಯೋ ಒಂದೂ ಬಿಡದೆ ಎಲ್ಲಾ ಅವರಿಗೆ ಸಿಗಬೇಕು."

"ಆಯ್ತವ್ವ," ಅಂದ ಷಡಕ್ಷರಿ.

ಆಮೇಲೆ ಹತ್ತಿದ್ದು ಭಜನೆ ಮಂಡಳಿಯ ನಾಲ್ಕು ಹೆಂಗಸರು. ತುರುವೇಕೆರೆಯಲ್ಲಿ ಹಾಡೋದಿತ್ತು. ರೇಷ್ಮೆ ಸೀರೆ, ಮೊಳಗಟ್ಟಲೆ ಮಲ್ಲಿಗೆ. ಷಡಕ್ಷರಿ ಎಷ್ಟು ಗುಂಡಿ ಇದ್ದವೋ ಅಷ್ಟನ್ನೂ ಒತ್ತಿದ. ಎ.ಸಿ. ಕಡೇ ಅಂಕಿಗೆ ಹೋಯಿತು. ಹಾಡು ಕಡೇ ಅಂಕಿಗೆ ಹೋಯಿತು. ಮುಂದಿನ ಸೀಟು ಹಿಂದಕ್ಕೆ ಒರಗಿತು, ಅದರ ಜೊತೆ ಅಲ್ಲಿ ಕೂತಿದ್ದ ಲಲಿತಮ್ಮನೂ ಒರಗಿ ಹಿಂದಿನವರ ತೊಡೆ ಮೇಲೆ ಮಲಗಿದರು. ತಲೆ ಮೇಲಿನ ಗಾಜು ತೆರೆಯಿತು. ಮುಂದಿನ ಗಾಜು ತೊಳೆಯೋ ನೀರು ಚಿಮ್ಮಿ, ಆ ಕಿಂಡಿಯಿಂದ ಒಳಗೆ ಬಂದು ಎಲ್ಲರಿಗೂ ಪ್ರೋಕ್ಷಣೆಯಾಯಿತು.

"ನಿಲ್ಲಿಸೋ ಮಾರಾಯ," ಅಂದರು ಲಲಿತಮ್ಮ, ಮಲಗಿಕೊಂಡೇ.

"ಇನ್ನೂ ಎರಡು ಗುಂಡಿ ಇದೆ ಅತ್ತೆ. ಅನುಕೂಲ ಒಂದೂ ಬಿಡಬಾರದಂತೆ."

ಲಲಿತಮ್ಮನ ಚೌರಿ ಕಿಂಡಿಯಿಂದ ಹಾರಿ ಹಿಂದೆ ಬರುತ್ತಿದ್ದ ಬೈಕಿನ ಕನ್ನಡಿಗೆ ಸಿಕ್ಕಿಕೊಂಡಿತು. ತುರುವೇಕೆರೆ ತಲುಪುವಷ್ಟರಲ್ಲಿ ನಾಲ್ವರಿಗೂ ಗಂಟಲು ಕಟ್ಟಿತ್ತು. ಆ ದಿನ ಭಜನೆಯಲ್ಲಿ ಹಾರ್ಮೋನಿಯಂ ಒಂದೇ ಹಾಡಿತು.

ರುದ್ರಾಣಮ್ಮ ಮತ್ತೆ ಫೋನು ಮಾಡಿದರು. "ನಾಳೆ ಬರಲಿ, ಮಾತು ಕೊಟ್ಟಿದ್ದೀನಿ. ಆದರೆ ನಾನು ಪಕ್ಕದಲ್ಲೇ ಕೂತಿರ್ತೀನಿ, ನೆನಪಿರಲಿ."

ಶಾಂತವೀರಮ್ಮ ಮಗನನ್ನು ಮುಂದೆ ಕೂರಿಸಿಕೊಂಡಳು. ಬೈಯೋಕೂ ಅವಳಲ್ಲಿ ಶಕ್ತಿ ಇರಲಿಲ್ಲ. "ಷಡಕ್ಷರಿ, ಆರಾಮ ಅಂದರೆ ಗುಂಡಿ ಒತ್ತೋದಲ್ಲಪ್ಪ. ಕೂತವರಿಗೆ ಜೊಂಪು ಹತ್ತಬೇಕು. ನಿನ್ನಕ್ಕ ಪಾಪ, ತಿಂಗಳಿಂದ ನಿದ್ದೆ ಕಂಡಿಲ್ಲ. ಮೆತ್ತಗೆ ಓಡಿಸು. ಅವಳಿಗೆ ನಿದ್ದೆ ಬಂತೋ, ಏನೇ ಆಗಲಿ ಎಬ್ಬಿಸಬೇಡ. ತಾನಾಗೇ ಏಳೋವರೆಗೂ ಮಲಗಲಿ."

"ಆಯ್ತವ್ವ," ಅಂದ ಷಡಕ್ಷರಿ.

ಮಾರನೇ ದಿನ ಹನ್ನೊಂದು ಗಂಟೆಗೆ ಶಾಂತವೀರಮ್ಮ ಆರತಿ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಳು. ಪಕ್ಕದಲ್ಲಿ ನಾನು. ಬೀದಿಯವರೆಲ್ಲ ಬಂದಿದ್ದರು, ಏನಾಗುತ್ತೋ ನೋಡೋಣ ಅಂತ. ಕಾರು ಬಂತು. ನೀರಿನ ಮೇಲೆ ಎಲೆ ತೇಲೋ ಹಾಗೆ ಬಂತು. ಮನೆ ಮುಂದೆ ಬಂತು. ಹಾಗೇ ಮುಂದಕ್ಕೆ ಹೋಯಿತು.

"ಮನೆ ಮರೆತನಾ?" ಅಂದಳು ಶಾಂತವೀರಮ್ಮ.

ಹಿಂದಿನ ಬೀದಿ ಸುತ್ತಿಕೊಂಡು ಮತ್ತೆ ಬಂತು. ಷಡಕ್ಷರಿ ತನ್ನ ಕಡೆಯ ಗಾಜು ಇಳಿಸಿ ಪಿಸುಗುಟ್ಟಿದ. "ಮಲಗಿದಾರೆ. ಇಬ್ಬರೂ."

"ನಿಲ್ಲಿಸೋ."

"ಹುಳಿಯಾರಲ್ಲಿ ಕುರಿ ಅಡ್ಡ ಬಂತು ಅಂತ ನಿಲ್ಲಿಸಿದೆ, ಅಕ್ಕ ಕಣ್ಣು ಬಿಡೋಕೆ ಹೋದಳು. ಓಡ್ತಿದ್ದರೆ ಮಲಗ್ತಾಳೆ."

ಕಾರು ಹೋಯಿತು. ಮತ್ತೆ ಬಂತು. ಶಾಂತವೀರಮ್ಮ ಆರತಿ ಹಿಡಿದು ಪಕ್ಕದಲ್ಲೇ ಓಡಿದಳು, ಬೈಯೋಕೆ ಬಾಯಿ ತೆರೆದಳು, ಹಾಗೇ ಗಾಜಿನೊಳಗೆ ನೋಡಿದಳು. ವಿಶಾಲಾಕ್ಷಿ ಹೊಟ್ಟೆ ಮೇಲೆ ಕೈ ಇಟ್ಟುಕೊಂಡು, ಬಾಯಿ ಸ್ವಲ್ಪ ತೆರೆದು, ಚಿಕ್ಕಂದಿನಲ್ಲಿ ಮಲಗುತ್ತಿದ್ದ ಹಾಗೆ ಮಲಗಿದ್ದಳು. ಪಕ್ಕದಲ್ಲಿ ರುದ್ರಾಣಮ್ಮ ಕಾಲು ಚಾಚಿ ಗೊರಕೆ ಹೊಡೆಯುತ್ತಿದ್ದರು.

ಶಾಂತವೀರಮ್ಮ ಬಾಯಿ ಮುಚ್ಚಿದಳು. "ಇನ್ನೊಂದೆರಡು ಸುತ್ತು ಹಾಕಲಿ ಬಿಡಣ್ಣ," ಅಂದಳು ನನಗೆ.

ಬೀದಿಯವರು ಸೈಕಲ್ಲು ತೆಗೆದು ದಾರಿ ಮಾಡಿದರು. ಬೊಗಳಿದ ನಾಯಿಯನ್ನು ಮಲ್ಲೇಶಯ್ಯ ಒಳಗೆ ಕಟ್ಟಿದ. ಹದಿನಾಲ್ಕನೇ ಸುತ್ತಿನಲ್ಲಿ ರುದ್ರಾಣಮ್ಮನಿಗೆ ಎಚ್ಚರವಾಯಿತಂತೆ.

"ಇನ್ನೂ ಎಷ್ಟು ದೂರನಪ್ಪ ನಿಮ್ಮನೆ?"

"ಆಗಲೇ ಹದಿನಾಲ್ಕು ಸಲ ಬಂತು ಅತ್ತೆ."

"ಮತ್ತೆ ನಿಲ್ಲಿಸಲಿಲ್ಲ ಯಾಕೆ?"

"ಅಕ್ಕ ಏಳ್ತಾಳೆ."

ರುದ್ರಾಣಮ್ಮ ಸೊಸೆಯ ಮುಖ ನೋಡಿದರು. ಅವಳ ಸೆರಗು ಸರಿಮಾಡಿದರು. "ಹಾಗಾದರೆ ಓಡಿಸು," ಅಂದರು, ದನಿ ತಗ್ಗಿಸಿ.

ವಿಶಾಲಾಕ್ಷಿ ತಾನಾಗೇ ಎದ್ದಾಗ ಎರಡು ಗಂಟೆ. ಕಣ್ಣುಜ್ಜಿ, ಕಿಟಕಿಯಾಚೆ ನೋಡಿ, "ಅವ್ವ ಯಾಕೆ ತಟ್ಟೆ ಹಿಡ್ಕೊಂಡು ಓಡ್ತಿದಾಳೆ?" ಅಂದಳು. ಆಗ ಕಾರು ನಿಂತಿತು. ಆರತಿಯಾಯಿತು. ರುದ್ರಾಣಮ್ಮ ಹೊಸಲು ದಾಟುತ್ತಾ ಹೇಳಿದರು, "ಹೊಸದುರ್ಗ ಬಿಟ್ಟಿದ್ದು ಗೊತ್ತು ಬೀಗರೇ, ಆಮೇಲೆ ಏನೂ ಗೊತ್ತಿಲ್ಲ. ಬಾಣಂತನ ಇಲ್ಲೇ ಆಗಲಿ."

ಶಾಂತವೀರಮ್ಮನ ಕಣ್ಣಲ್ಲಿ ನೀರು. "ಎಲೆ ಹಾಕಣ್ಣ, ಬೀಗರ ಚೀಲ ತಂದುಬಿಡ್ತೀನಿ," ಅಂತ ಕಾರಿನ ಹತ್ತಿರ ಹೋದಳು. ತಂದಾಗಿನಿಂದ ಅವಳು ಆ ಕಾರಿನಲ್ಲಿ ಒಂದು ಸಲವೂ ಕೂತಿರಲಿಲ್ಲ. ಹೇಗಿದೆಯೋ ನೋಡೋಣ ಅಂತ ಒಂದು ಗಳಿಗೆ ಕೂತಿರಬೇಕು.

ಎಲೆ ಹಾಕಿದ್ದಾಯಿತು, ಹೋಳಿಗೆ ಆರಿತು, ಮನೆಯೊಡತಿ ಇಲ್ಲ. ಬೀಗಿತ್ತಿ ಹಸಿದುಕೊಂಡು ಬಾಗಿಲಿಗೆ ಬಂದರು, ಹಿಂದೆ ನಾನು. ಗೇಟಿನಲ್ಲಿ ಕಾರಿಲ್ಲ. ಅಷ್ಟರಲ್ಲಿ ಬೀದಿಯ ತುದಿಯಿಂದ ಮೆತ್ತಗೆ ತೇಲಿಕೊಂಡು ಬಂತು. ಷಡಕ್ಷರಿ ಗಾಜು ಇಳಿಸಿ, ತುಟಿಯ ಮೇಲೆ ಬೆರಳಿಟ್ಟ.

"ಅವ್ವ ಮಲಗಿದಾಳೆ. ನೀವು ಬಡಿಸ್ಕೊಂಡು ಊಟ ಮಾಡಿ ಅತ್ತೆ," ಅಂದ. ಕಾರು ಹಿಂದಿನ ಬೀದಿಗೆ ತಿರುಗಿತು.